ಸ್ವರ ಬಂತು, ವ್ಯಂಜನ ಬರಲಿಲ್ಲ

ನಮ್ಮ ಮನೆಯ ಹೊಸ ಟಿವಿ ಗೋಡೆಯ ಜೊತೆ ಮಾತಾಡುತ್ತದೆ. ಮುಖ ನಮ್ಮ ಕಡೆ, ಬಾಯಿ ಗೋಡೆಯ ಕಡೆ. ಇದೇನೂ ನಮ್ಮ ಟಿವಿಯೊಂದರದೇ ಚಾಳಿಯಲ್ಲ, ತೆಳ್ಳಗಿನ ಟಿವಿಗಳ ಕುಲವೇ ಹಾಗೆ. ಅಂಚಿನಿಂದ ಅಂಚಿನವರೆಗೆ ಚಿತ್ರವೇ ಇರಬೇಕೆಂದು ನಾವೆಲ್ಲ ಹಟ ಹಿಡಿದ ಮೇಲೆ ಸ್ಪೀಕರಿಗೆ ಮುಂದೆ ಕೂರಲು ಜಾಗವೆಲ್ಲಿ? ಬೆನ್ನಿಗೋ ಅಡಿಗೋ 8–10 ವ್ಯಾಟಿನ ಎರಡು ಚಿಕ್ಕ ಸ್ಪೀಕರ್ ಸಿಕ್ಕಿಸಿ ಕಳಿಸುತ್ತಾರೆ. ಮೊದಲಿನ ಡಬ್ಬಾ ಟಿವಿಯನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯಬೇಕಾದರೆ ಓಣಿಯ ಹುಡುಗರನ್ನು ಕರೆಯಬೇಕಾಗಿತ್ತು, ನಿಜ. ಆದರೆ ಅದಕ್ಕೆ ಹೊಟ್ಟೆ ಇತ್ತು, ಸ್ಪೀಕರು ಮುಂದೆ ಇತ್ತು, ಅಂದದ್ದು ನೆಟ್ಟಗೆ ಕಿವಿಗೆ ಬರುತ್ತಿತ್ತು. ರಾಮಾಯಣ, ಮಹಾಭಾರತ ಬರುತ್ತಿದ್ದ 1987–90ರ ಭಾನುವಾರಗಳು ನೆನಪಿವೆಯಲ್ಲ? ಪಡಸಾಲೆಯಲ್ಲಿ ಜಾಗ ಸಿಗದವರು ಕಟ್ಟೆಯ ಮೇಲೆ, ಕಟ್ಟೆಯ ಮೇಲೂ ಸಿಗದವರು ಕಿಟಕಿಯ ಸರಳು ಹಿಡಿದು. ಚಿತ್ರದ ತುಂಬ ಚುಕ್ಕೆ. ಹಿಂದಿ ಯಾರಿಗೂ ಸರಿಯಾಗಿ ಬಾರದು. ಆದರೂ ಒಂದಕ್ಷರ ಬಿಡದೆ ಕೇಳುತ್ತಿತ್ತು. ಈಗ ಕನ್ನಡದ್ದೇ ಧಾರಾವಾಹಿ, ಚುಕ್ಕೆ ಎಂಬುದೇ ಇಲ್ಲ, ನಟಿಯ ಮೂಗಿನ ನತ್ತಿನ ಹರಳು ಎಣಿಸಬಹುದು. ಏನಂದಳೆಂಬುದು ಮಾತ್ರ ಆಕೆಗೂ ಗೋಡೆಗೂ ಗೊತ್ತು.

ನಮ್ಮ ಅವ್ವನಿಗೆ ಎಂಬತ್ತು ದಾಟಿದೆ. ತನ್ನ ಕಿವಿ ಚಲೋ ಇವೆ ಎಂಬುದು ಆಕೆಯ ಅಭಿಪ್ರಾಯ, ಅದಕ್ಕೆ ಆಧಾರವೂ ಉಂಟು. ಹಿತ್ತಲ ಬಾಗಿಲ ಚಿಲಕವನ್ನು ಯಾರಾದರೂ ಮೆಲ್ಲಗೆ ತೆಗೆದರೆ ಆಕೆಗೆ ಕೇಳುತ್ತದೆ. ಅಡಿಗೆಮನೆಯಲ್ಲಿ ಸೊಸೆ ತವರಿನವರ ಜೊತೆ ಫೋನಿನಲ್ಲಿ ಆಡುವ ಪಿಸುಮಾತಂತೂ ಇನ್ನೂ ಚೆನ್ನಾಗಿ ಕೇಳುತ್ತದೆ. ಕೇಳದ್ದು ಟಿವಿ ಒಂದೇ. ಸಂಜೆ ಧಾರಾವಾಹಿ ಶುರುವಾಯಿತೆಂದರೆ, “ಏನಂದ್ಳೋ ಅಕಿ?” ನಾನು ಹೇಳುವಷ್ಟರಲ್ಲಿ, “ಈಗ ಇಂವ ಏನಂದ?” ಅದನ್ನು ಹೇಳುವಷ್ಟರಲ್ಲಿ, “ಸೌಂಡ್ ಏರಸೋ ತಮ್ಮಾ, ಏನೂ ಕೇಳವಲ್ದು.” ನಮ್ಮ ರಿಮೋಟಿನಲ್ಲಿ ಏರಿಸುವ ಗುಂಡಿಯ ಗುರುತು ಪೂರಾ ಅಳಿಸಿದೆ, ಇಳಿಸುವುದರ ಬಣ್ಣ ಮಾಸಿಲ್ಲ. ಮಾತಿಗೆಂದು ಏರಿಸಿದ ಸೌಂಡಿಗೆ ಜಾಹೀರಾತು ಸಿಕ್ಕಿತೆಂದರೆ ಮುಗಿಯಿತು. ಎದುರುಮನೆಯ ನಾಯಿ ಸಾಬೂನಿನ ಜಾಹೀರಾತಿಗೆ ಒಂದು ಥರ, ಬಂಗಾರದ ಅಂಗಡಿಯದಕ್ಕೆ ಇನ್ನೊಂದು ಥರ ಬೊಗಳುವುದನ್ನು ಕಲಿತಿದೆ.

ನಮ್ಮ ಹಾನಗಲ್ ತಾಲೂಕಿನವರ ಕಿವಿಯ ಬಗ್ಗೆ ಯಾರೂ ಹಗುರವಾಗಿ ಮಾತಾಡಬಾರದು ಎಂದು ನನಗೊಂದು ಸಣ್ಣ ಅಭಿಮಾನ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಈ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ, ಪುಟ್ಟರಾಜ ಗವಾಯಿಗಳು 1914ರಲ್ಲಿ ಹುಟ್ಟಿದ್ದೂ ಇದೇ ತಾಲೂಕಿನಲ್ಲಿ. ಕಣ್ಣಿಲ್ಲದ ಇಬ್ಬರು, ಕಿವಿಯೊಂದನ್ನೇ ನೆಚ್ಚಿ ಗದಗಿನಲ್ಲಿ ಅಷ್ಟು ದೊಡ್ಡ ವೀರೇಶ್ವರ ಪುಣ್ಯಾಶ್ರಮ ನಡೆಸಿದರು. ಪುಟ್ಟರಾಜರು ನಾಟಕ ಬರೆದರು, ಆಶ್ರಮದ ನಾಟಕ ಕಂಪನಿಯನ್ನೂ ನಡೆಸಿದರು. ಅವ್ವ ತನ್ನ ಕಾಲದ ಕಂಪನಿ ನಾಟಕಗಳನ್ನು ಈಗಲೂ ಟಿವಿಯ ಮುಖಕ್ಕೆ ಹಿಡಿಯುತ್ತಾಳೆ. “ಕಡೀ ಸಾಲಿನ್ಯಾಗ ಚಾಪಿ ಹಾಸಿ ಕುಂತ್ರೂ ಒಂದೊಂದ ಅಕ್ಷರಾ ಕೇಳತಿತ್ತು. ಇವರೇನು ಬಾಯಾಗ ಎಲಿ ಇಟಗೊಂಡ ಮಾತಾಡತಾರೇನು?” ಆಕೆ ಹೇಳುವುದು ಸುಳ್ಳಲ್ಲ. ಕಂಪನಿಯ ನಟ ಮಾತು ಎಸೆಯುತ್ತಿದ್ದ, ಜನರ ಕಡೆ ಮುಖ ಮಾಡಿ, ಬಾಯಿ ತುಂಬ ತೆರೆದು. ಈಗಿನವರಿಗೆ ಅಂಗಿಯೊಳಗೇ ಮೈಕು. ಆ ಮೈಕಿಗೆ ಕೇಳಿದರೆ ಸಾಕು, ನಮಗೆ ಕೇಳಬೇಕೆಂದೇನಿಲ್ಲ. ಅದರ ಮೇಲೆ ಪ್ರತಿ ಮಾತಿನ ಹಿಂದೆಯೂ ಪಿಟೀಲು.

ನಾನು ನಿವೃತ್ತ ಕನ್ನಡ ಮಾಸ್ತರ. ವಿಜ್ಞಾನದ ಮಾಸ್ತರರು ರಜೆ ಹಾಕಿದಾಗೆಲ್ಲ ಅವರ ಪಿರಿಯಡ್ಡಿಗೂ ನನ್ನನ್ನೇ ಕಳಿಸುತ್ತಿದ್ದರು. ಹಾಗಾಗಿ ನನ್ನ ವಿಜ್ಞಾನದಲ್ಲಿ ವ್ಯಾಕರಣ ಬೆರೆತಿದೆ. ಅವ್ವನ ತೊಂದರೆ ನನಗೆ ಹೊಳೆದದ್ದೂ ವ್ಯಾಕರಣದ ಮೂಲಕವೇ. ಎಳೆಯ ಕಿವಿ 20 ಹರ್ಟ್ಸಿನಿಂದ 20,000 ಹರ್ಟ್ಸಿನವರೆಗೆ ಕೇಳುತ್ತದೆ. ವಯಸ್ಸಾದಂತೆ ಮೇಲಿನ ತುದಿಯಿಂದ ಸವೆಯುತ್ತ ಬರುತ್ತದೆ. ಅ, ಆ, ಓ ಎಂಬ ಸ್ವರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿ, ಹೆಚ್ಚಾಗಿ 1,000 ಹರ್ಟ್ಸಿನೊಳಗೆ. ಸ, ಶ, ತ, ಕ ಮುಂತಾದವುಗಳ ಗುರುತು ಸಿಗುವುದು 2,000 ಹರ್ಟ್ಸಿನ ಆಚೆ, ಅವಕ್ಕೆ ಬಲವೂ ಕಡಿಮೆ. ಆದರೆ ಅರ್ಥದ ಬೀಗದ ಕೈ ಅವುಗಳ ಹತ್ತಿರವೇ ಇದೆ. ಧಾರಾವಾಹಿಯ ಯಜಮಾನ “ಸಾಲ ತೀರಿತು” ಅಂದನೋ “ಕಾಲ ತೀರಿತು” ಅಂದನೋ? ಮೊದಲನೆಯದಕ್ಕೆ ಹೋಳಿಗೆ, ಎರಡನೆಯದಕ್ಕೆ ಅಳು. ಎರಡರಲ್ಲೂ ಅವ್ವನಿಗೆ ಕೇಳಿದ್ದು ‘ಆ’ ಒಂದೇ. ಗೋಡೆಗೆ ಬಡಿದು, ನೆಲಕ್ಕೆ ಬಡಿದು ಬರುವ ದನಿಯಲ್ಲಿ ದಾರಿಯ ಮೇಲೆ ಉದುರಿಹೋಗುವುದೂ ಮೊದಲು ಈ ವ್ಯಂಜನಗಳೇ. ಸೌಂಡ್ ಏರಿಸಿದೆವೆಂದುಕೊಳ್ಳಿ. ಮೊದಲೇ ಗಟ್ಟಿಯಾಗಿದ್ದ ಸ್ವರಗಳು ಇನ್ನೂ ಗಟ್ಟಿಯಾಗಿ, ಇದ್ದಬದ್ದ ವ್ಯಂಜನಗಳನ್ನೂ ಮುಚ್ಚಿಹಾಕುತ್ತವೆ.

ಈ ಸಂಶೋಧನೆಯನ್ನು ಮನೆಯವರ ಮುಂದೆ ಇಟ್ಟೆ. ಅವ್ವ, “ಹಂಗಾರ ವ್ಯಂಜನಾ ಏರಸು” ಅಂದಳು. ಮಗನಿಗೆ ಇಷ್ಟೇ ಸಾಕಾಯಿತು. “ಅಪ್ಪಾ, ಹೋಂ ಥೇಟರ್ ತರೂಣು,” ಎಂದ. ಹೆಂಡತಿ ಏನೂ ಅನ್ನಲಿಲ್ಲ, ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡಳು.

ಹೋಂ ಥೇಟರ್ ಎಂದರೇನೆಂದು ನಮಗೆ ಗೊತ್ತಿದ್ದದ್ದು ಹಿರೇಕೆರೂರಿನ ಬೀಗರ ಮನೆಯಿಂದ. ಮಗಳನ್ನು ಕೊಟ್ಟ ಮನೆ, ಅಲ್ಲಿ ಏನನ್ನೂ ಚಲೋ ಇಲ್ಲ ಅನ್ನುವ ಹಾಗಿಲ್ಲ. ಪಡಸಾಲೆಯ ಸುತ್ತ ಐದು ಪೆಟ್ಟಿಗೆ, ಮೂಲೆಯಲ್ಲಿ ದೊಡ್ಡದೊಂದು ಬಾಸಿನ ಪೆಟ್ಟಿಗೆ. ಹೋದ ಕೂಡಲೇ ನನ್ನನ್ನು ಗೌರವದ ಕುರ್ಚಿಯಲ್ಲಿ ಕೂರಿಸಿದರು. ಗೌರವದ ಕುರ್ಚಿ ಹಿಂದಿನ ಎಡ ಪೆಟ್ಟಿಗೆಯ ಬಾಯಿಗೆ ಸರಿಯಾಗಿತ್ತು. ಸಿನಿಮಾದಲ್ಲಿ ಕುದುರೆಗಳು ಓಡಿದಾಗ ನನ್ನ ಎಡಗಿವಿಯೊಳಗೆ ಹೊಕ್ಕು ಬಲಗಡೆ ಹೊರಬಿದ್ದವು. ಷೋಕೇಸಿನಲ್ಲಿದ್ದ ಮೊಮ್ಮಗನ ಕಬಡ್ಡಿ ಕಪ್ಪು ಬಾಸಿನ ಪ್ರತಿ ಏಟಿಗೂ ಒಂದೊಂದು ಹೆಜ್ಜೆ ಮುಂದೆ ಸರಿಯಿತು. “ಹ್ಯಾಂಗೈತ್ರಿ ಬೀಗ್ರ, ಸೌಂಡು?” ಎಂದರು. “ಎದಿಗೇ ಬಡೀತದಲ್ರಿ!” ಎಂದೆ. ಸುಳ್ಳು ಹೇಳಲಿಲ್ಲ.

ಆ ಐದರಲ್ಲಿ ಮಾತಿಗೆಂದೇ ಇರುವುದು ನಡುವಿನ ಪೆಟ್ಟಿಗೆ. ಸಿನಿಮಾದವರು ಮಾತಿನ ಬಹುಪಾಲನ್ನು ಅದಕ್ಕೇ ಕಳಿಸುತ್ತಾರೆ. ಎಡಬಲದವಕ್ಕೆ ಸಂಗೀತ, ಹಿಂದಿನ ಎರಡಕ್ಕೆ ಮಳೆ, ಗಾಳಿ, ಕುದುರೆ. ಬೀಗರ ಮನೆಯಲ್ಲಿ ಟಿವಿಯ ಕೆಳಗೆ ದೇವರ ಸಾಮಾನು ಇದ್ದದ್ದರಿಂದ ನಡುವಿನ ಪೆಟ್ಟಿಗೆಯನ್ನು ಅಲ್ಮಾರಿಯ ಮೇಲೆ, ಹಿರಿಯರ ಫೋಟೋದ ಹಿಂದೆ ಇಟ್ಟಿದ್ದರು. ಅವ್ವ ಸುಮಾರು ಹೊತ್ತು ಫೋಟೋವನ್ನೇ ನೋಡಿ, ನನ್ನ ಕಿವಿಯಲ್ಲಿ, “ತಮ್ಮಾ, ಅವರು ಮಾತಾಡಾಕತ್ತಾರಲ್ಲೋ” ಅಂದಳು.

ಪೆಟ್ಟಿಗೆಯ ಮೇಲೆ ಸಾವಿರಾರು ವ್ಯಾಟ್ ಎಂದು ಬರೆದಿತ್ತು, ಪಕ್ಕದಲ್ಲಿ ಪಿಎಂಪಿಒ ಎಂಬ ನಾಲ್ಕಕ್ಷರ. ಅದು ಕ್ಷಣಮಾತ್ರದ ಕಾಗದದ ಬಲ, ಅಂಗಡಿಯವರ ಉತ್ಸಾಹಕ್ಕೆ ತಕ್ಕಂತೆ ಹಿಗ್ಗುವಂಥದು. ನೋಡಬೇಕಾದ್ದು ಆರ್‌ಎಂಎಸ್ ಎಂದು ಬರೆದ ಸಣ್ಣ ಅಂಕಿಯನ್ನು. ಅದಾದರೂ ಹತ್ತುಪಟ್ಟಾದರೆ ನಮ್ಮ ಕಿವಿಗೆ ದನಿ ಎರಡುಪಟ್ಟಷ್ಟೇ ಅನ್ನಿಸುತ್ತದೆ. 20 ವ್ಯಾಟಿನ ಜಾಗಕ್ಕೆ 200 ವ್ಯಾಟ್ ತಂದವನು ಹತ್ತರಷ್ಟು ದುಡ್ಡು ಕೊಟ್ಟು ಎರಡರಷ್ಟು ಸದ್ದು ತಂದಿರುತ್ತಾನೆ. ಬಾಸಿನ ಕತೆಯೂ ಅಷ್ಟೆ. 40 ಹರ್ಟ್ಸಿನ ಒಂದು ಅಲೆ ಎಂಟೂವರೆ ಮೀಟರ್ ಉದ್ದ, ನಮ್ಮ ಪಡಸಾಲೆಗಿಂತ ಉದ್ದ. ಅದಕ್ಕೆ ಗೋಡೆ ಬಾಗಿಲು ಲೆಕ್ಕಕ್ಕಿಲ್ಲ. ಹಾಡಿನ ಮಾತು ಮನೆಯಲ್ಲೇ ಉಳಿದು ದುಂ ದುಂ ಮಾತ್ರ ನೆರೆಮನೆಗೆ ಹೋಗುತ್ತದೆ. ಮೂಲೆಗೆ ಇಟ್ಟರಂತೂ ಎರಡು ಗೋಡೆ ಒಂದು ನೆಲ ಸೇರಿ ಅದನ್ನು ಇನ್ನೂ ಕೊಬ್ಬಿಸುತ್ತವೆ. ಸರ್ವಜ್ಞ ತಮ್ಮವನೆಂದು ಹೇಳಿಕೊಳ್ಳುವ ಅಬಲೂರು, ಮಾಸೂರು ಎರಡೂ ಹಿರೇಕೆರೂರು ಸೀಮೆಯವೇ. ಮೂರು ಸಾಲಿನಲ್ಲಿ ಊರೂರಿಗೆ ಕೇಳಿಸಿ ಹೋದವನ ನೆಲದಲ್ಲಿ ಆರು ಪೆಟ್ಟಿಗೆ ಇಟ್ಟು ಕೂತಿದ್ದೇವಲ್ಲ ಎಂದು ಬಸ್ಸಿನಲ್ಲಿ ಬರುವಾಗ ಅನ್ನಿಸಿತು. ಬೀಗರ ಮುಂದೆ ಅನ್ನಿಸಿರಲಿಲ್ಲ.

ನನಗೆ ನಿಜವಾಗಿ ಬುದ್ಧಿ ಬಂದದ್ದು ಸವಣೂರಿನಲ್ಲಿ. ಅಲ್ಲಿ ನನ್ನ ಹಳೆಯ ಗೆಳೆಯರೊಬ್ಬರಿದ್ದಾರೆ, ಸಾಹೇಬರು. ವಾಲ್ವ್ ರೇಡಿಯೋ ಕಾಲದಿಂದ ರಿಪೇರಿ ಮಾಡಿದವರು. ಸವಣೂರಿಗೆ ಹೋದರೆ ಮೂರು ಕೆಲಸ ತಪ್ಪಿದ್ದಲ್ಲ: ದೊಡ್ಡ ಹುಣಸೆ ಮರ ನೋಡುವುದು, ಎಲೆ ಕೊಳ್ಳುವುದು, ಖಾರಾ ಕಟ್ಟಿಸುವುದು. ಮರ ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ಅದರ ಸೊಂಟ ನೋಡಿದವರಿಗೆ ತಮ್ಮ ಸೊಂಟದ ಬಗ್ಗೆ ಸಮಾಧಾನವಾಗುತ್ತದೆ. ಖಾರಾ ಮಾತ್ರ ಟಿವಿಗೆ ಶತ್ರು. ಅದನ್ನು ಅಗಿಯುವಾಗ ಹುಟ್ಟುವ ಕುರುಕು ಗಾಳಿಯಲ್ಲಿ ಸುತ್ತಿ ಬರುವುದಿಲ್ಲ, ದವಡೆಯ ಎಲುಬಿನಿಂದ ನೇರವಾಗಿ ಒಳಗಿವಿಗೇ ಹೋಗುತ್ತದೆ. ಆಗ ಟಿವಿಯೊಳಗೆ ಬಾಂಬು ಬಿದ್ದರೂ ಎರಡನೆಯ ಸ್ಥಾನವೇ. ನಮ್ಮ ಮನೆಯಲ್ಲಿ ಸಂಜೆ ಖಾರಾ ತಿನ್ನುವವನು ನಾನೊಬ್ಬನೇ ಎಂಬುದನ್ನು ಈ ಚರ್ಚೆಯಲ್ಲಿ ಯಾರೂ ಎತ್ತಿರಲಿಲ್ಲ, ನಾನೂ ಎತ್ತಲಿಲ್ಲ.

ಸಾಹೇಬರ ಟಿವಿಗೂ ಬೆನ್ನಲ್ಲೇ ಬಾಯಿ. ಅವರು ಮಾತ್ರ ಬಡಿಗ್ಯಾರ ಕಡೆಯಿಂದ ತೇಗಿನ ಹಲಗೆಯ ಪೆಟ್ಟಿಗೆ ಮಾಡಿಸಿ, ಅದರೊಳಗೆ ಹಳೆಯ ಎಂಟಿಂಚಿನ ಸ್ಪೀಕರ್ ಕೂರಿಸಿ, ಸಣ್ಣ ಆಂಪ್ಲಿಫೈಯರಿಗೆ ಕೊಟ್ಟು, ಟಿವಿಯ ಹೆಡ್‌ಫೋನ್ ತೂತಿಗೆ ಪಿನ್ನು ಚುಚ್ಚಿದ್ದರು. ವಾರ್ತೆ ಬರುತ್ತಿತ್ತು. ನಾವು ಅದಕ್ಕಿಂತ ಮೆಲ್ಲಗೆ ಮಾತಾಡಬೇಕಾಗಲಿಲ್ಲ, ಗಟ್ಟಿಯಾಗಿಯೂ ಮಾತಾಡಬೇಕಾಗಲಿಲ್ಲ. ಆದರೂ ಒಂದೊಂದು ಒತ್ತಕ್ಷರ ತಿಳಿಯುತ್ತಿತ್ತು. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ನಮ್ಮ ಕಡೆ ಬಂದ ಮರದ ಮೈಯ ರೇಡಿಯೋಗಳ ದನಿ ಇದೇ.

“ಪೆಟಗಿ ಯಾಕ ಬೇಕು ಗೊತ್ತೇನ್ರಿ ಮಾಸ್ತರ?” ಎಂದು ಅವರು ಬಿಡಿ ಸ್ಪೀಕರೊಂದನ್ನು ಹಿಡಿದು ಹಾಡಿಸಿದರು. ಸೊರಗಿದ ದನಿ. ಅದನ್ನೇ ತೂತಿದ್ದ ಹಲಗೆಗೆ ಒತ್ತಿ ಹಿಡಿದರು, ಮೈ ತುಂಬಿಕೊಂಡಿತು. ಸ್ಪೀಕರಿನ ಕಾಗದ ಮುಂದೆ ಗಾಳಿ ನೂಕುವಾಗ ಹಿಂದೆ ಎಳೆಯುತ್ತದೆ. ಮುಂದಿನದು ಹಿಂದಿನದು ಅಂಚು ಸುತ್ತಿ ಬಂದು ಕೂಡಿದರೆ ಒಂದನ್ನೊಂದು ಅಳಿಸಿಬಿಡುತ್ತವೆ, ಕೆಳಗಿನ ದನಿಗಳಂತೂ ಪೂರ್ತಿ. ಅವೆರಡರ ನಡುವಿನ ಗೋಡೆಯೇ ಪೆಟ್ಟಿಗೆ. ತೆಳ್ಳಗಿನ ಟಿವಿಯಲ್ಲಿ ಆ ಗೋಡೆ ಕಟ್ಟಲು ಬೆರಳಷ್ಟೂ ಜಾಗವಿಲ್ಲ. ಹೊರಡುವಾಗ ಸಾಹೇಬರು ಇಷ್ಟು ಹೇಳಿದರು: “ಎಷ್ಟ್ ವ್ಯಾಟ್ ಅಂತ ಕೇಳಬ್ಯಾಡ್ರಿ. ಅದರ ಮಾರಿ ಯಾ ಕಡೆ ಐತಿ ನೋಡ್ರಿ. ಅವ್ವಾರ ಕಿವಿಮಟ್ಟಕ್ಕ ಇಡ್ರಿ, ಷೋಕೇಸಿನೊಳಗ ತುರಕಬ್ಯಾಡ್ರಿ.”

ಮಗ ಹುಬ್ಬಳ್ಳಿಯಿಂದ ಉದ್ದನೆಯ ಒಂದು ಸೌಂಡ್ ಬಾರ್ ತಂದ. ನನಗೆ ತೇಗಿನ ಪೆಟ್ಟಿಗೆಯ ಆಸೆಯಿತ್ತು. ಅವನಿಗೆ ಬೀಗರ ಮನೆಯ ಕುದುರೆಗಳ ಆಸೆಯಿತ್ತು. ಇದು ನಡುವಿನ ರಾಜಿ. ತಂತಿ ಯಾಕೆ, ಬ್ಲೂಟೂತ್ ಇದೆಯಲ್ಲ ಎಂದ. ಜೋಡಿಸಿದ. ದನಿ ಬಂತು, ಮುಖ ನಮ್ಮ ಕಡೆಯೇ ಇತ್ತು, ವ್ಯಂಜನಗಳೂ ಬಂದವು. ಆದರೆ ತುಟಿಗಿಂತ ತುಸು ತಡವಾಗಿ ಬಂದವು. ಟಿವಿ ದನಿಯನ್ನು ಮಡಚಿ ಕಳಿಸಿ, ಬಾರು ಅದನ್ನು ಬಿಚ್ಚಿ ನುಡಿಸುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಪಾಲು ಹೋಗುವುದುಂಟು. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ ಸುಮಾರು 70 ಮೀಟರ್ ನಡೆಯುತ್ತದೆ. ಹಾನಗಲ್ಲಿನ ಆನಿಕೆರೆಯ ಈ ದಂಡೆಯಲ್ಲಿ ನಿಂತು ಆಚೆ ಬಟ್ಟೆ ಒಗೆಯುವವರನ್ನು ನೋಡಿದ್ದೀರಾ? ಬಟ್ಟೆ ಕಲ್ಲಿಗೆ ಬಿದ್ದು, ಕೈ ಮತ್ತೆ ಮೇಲೆದ್ದಾಗ ಸಪ್ಪಳ ಬರುತ್ತದೆ. ನಮ್ಮ ಪಡಸಾಲೆಯೊಳಗೆ ಹಾಗೆ ಒಂದು ಕೆರೆ ಬಂದು ಕೂತಿತು. ಅತ್ತೆ ಕಪಾಳಕ್ಕೆ ಹೊಡೆದಳು, ಸೊಸೆ ಕೆನ್ನೆ ಹಿಡಿದುಕೊಂಡಳು, ಆಮೇಲೆ ಛಟ್.

ಅದಾದರೂ ಸಹಿಸಬಹುದಾಗಿತ್ತು. ಒಂದು ಸಂಜೆ ಧಾರಾವಾಹಿಯ ಮಾವ ಕೊನೆಯುಸಿರು ಎಳೆಯುತ್ತಿದ್ದ. ಅವ್ವ ಸೆರಗು ಕಣ್ಣಿಗೆ ಹಚ್ಚಿದ್ದಳು. ಇದ್ದಕ್ಕಿದ್ದಂತೆ ಬಾರಿನಿಂದ ಡಿಜೆ ಜಾನಪದ ಶುರುವಾಯಿತು, ಮಾವನ ಉಸಿರಿಗೂ ಅದಕ್ಕೂ ತಾಳ ಹೊಂದಿಕೊಂಡಿತು. ಪಕ್ಕದ ಮನೆಯ ಹುಡುಗನ ಫೋನು ನಮ್ಮ ಬಾರಿನ ಕೈ ಹಿಡಿದಿತ್ತು. ಪಾಪ, ಅವನೂ ತನ್ನ ಹಾಡು ಎಲ್ಲಿ ಹೋಯಿತೆಂದು ಹುಡುಕುತ್ತಿದ್ದನಂತೆ. ಅವ್ವ ಸೆರಗು ತೆಗೆದು, “ಸಾಯೋಮುಂದ ಇದೆಂಥಾ ಹಾಡೋ?” ಅಂದಳು.

ಆ ಮೇಲೆ ತಂತಿಯೇ ಗತಿಯಾಯಿತು. ಟಿವಿಯ ಬೆನ್ನಿನ ತೂತುಗಳನ್ನು ಗೋಡೆಗೆ ಹಾಕಿದ ಮೇಲೆ ನೋಡುವ ಭಾಗ್ಯ ದೇವರಿಗೂ ಇಲ್ಲ. ನಾನು ನೆಲದ ಮೇಲೆ ಮಲಗಿ ಬ್ಯಾಟರಿ ಬಿಟ್ಟೆ, ಮಗ ಕೈಗನ್ನಡಿ ಹಿಡಿದ. ಕನ್ನಡಿಯಲ್ಲಿ ಅಕ್ಷರ ತಿರುವುಮುರುವು. ಅಲ್ಲಿ ಆಪ್ಟಿಕಲ್ ಎಂಬ ತೂತಿತ್ತು, 1983ರಿಂದ ಚಾಲ್ತಿಯಲ್ಲಿರುವಂಥದು. ಅದರಲ್ಲಿ ದನಿ ಕೆಂಪು ಬೆಳಕಾಗಿ ಹೋಗುತ್ತದೆ, ತುದಿಯ ಪ್ಲಾಸ್ಟಿಕ್ ಟೊಪ್ಪಿಗೆ ತೆಗೆಯದೆ ಚುಚ್ಚಿದವರಿಗೆ ಮಾತ್ರ ಹೋಗುವುದಿಲ್ಲ. ಅದಕ್ಕಿಂತ ಅನುಕೂಲದ್ದು ಎಚ್‌ಡಿಎಂಐ ತೂತುಗಳಲ್ಲಿ ಎಆರ್‌ಸಿ ಎಂದು ಬರೆದ ಒಂದೇ ಒಂದು. ಉಳಿದವು ಚಿತ್ರ, ದನಿ ಎರಡನ್ನೂ ಟಿವಿಯೊಳಗೆ ತರುವವು. ಇದು ದನಿಯನ್ನು ಹೊರಗೂ ಕಳಿಸುತ್ತದೆ. 2009ರ ನಂತರ ಬಂದ ಏರ್ಪಾಡು. ಟಿವಿಯ ರಿಮೋಟಿನಿಂದಲೇ ಬಾರಿನ ಸೌಂಡ್ ಏರಿಳಿಯುತ್ತದೆ, ಅವ್ವನಿಗೆ ಎರಡು ರಿಮೋಟಿನ ಕಾಟವಿಲ್ಲ. ಎಲ್ಲ ಜೋಡಿಸಿದ ಮೇಲೂ ಮೌನ. ಆಮೇಲೆ ಮಗ ಸೆಟ್ಟಿಂಗಿನಲ್ಲಿ ದನಿಯನ್ನು ಪಿಸಿಎಂಗೆ ಬದಲಿಸಿದ. ಟಿವಿ ಡಾಲ್ಬಿಯಲ್ಲಿ ಕಟ್ಟಿ ಕಳಿಸುತ್ತಿದ್ದ ಗಂಟನ್ನು ನಮ್ಮ ಅಗ್ಗದ ಬಾರಿಗೆ ಬಿಚ್ಚಲು ಬರುತ್ತಿರಲಿಲ್ಲ. ಪಿಸಿಎಂ ಎಂದರೆ ಬಿಚ್ಚಿಟ್ಟ ದನಿ. ಬಾಸ್ ಇಳಿಸಿ, ಮಾತು ಎತ್ತಿ ಕೊಡುವ ‘ಕ್ಲಿಯರ್ ವಾಯ್ಸ್’ ಒತ್ತಿದೆವು. ಮಗ ಬಾಸ್ ಇಳಿಸುವಾಗ ಮುಖ ಆ ಕಡೆ ತಿರುಗಿಸಿಕೊಂಡಿದ್ದ.

ಇನ್ನೂ ಒಂದು ಬಾಕಿಯಿತ್ತು. ನಮ್ಮ ಹಳೆಯ ಮನೆಯಲ್ಲಿ ಮಣ್ಣಿನ ಗೋಡೆ, ಜಂತಿಯ ಮಾಳಿಗೆ, ಮೂಲೆಯಲ್ಲಿ ಜೋಳದ ಚೀಲ. ದನಿ ಬಿದ್ದಲ್ಲೇ ಇಂಗುತ್ತಿತ್ತು. ಹೊಸ ಮನೆಯಲ್ಲಿ ಕಾಂಕ್ರೀಟು, ಟೈಲ್ಸು, ಗಾಜು. ಶಾಲೆಯ ಪ್ರವಾಸದಲ್ಲಿ ಗೋಳಗುಮ್ಮಟದಲ್ಲಿ ಒಂದು ಕೂಗಿಗೆ ಹಲವು ಉತ್ತರ ಕೇಳಿ ಮಕ್ಕಳು ಕುಣಿದದ್ದುಂಟು, ಮನೆಯಲ್ಲಿ ಅದರ ಕಾಲುಭಾಗವೂ ಬೇಡ. ಎದುರು ಗೋಡೆಗೆ ಅವ್ವ ಹೊಲಿದ ಕೌದಿಯೊಂದನ್ನು ತೂಗುಹಾಕಿದೆ. ಬಂದವರೆಲ್ಲ ಅದನ್ನು ಕಲೆ ಎಂದು ಹೊಗಳಿದರು. ಅವ್ವನಿಗೆ ಹಿಗ್ಗು. ನಿಜವಾದ ಕಾರಣ ಹೇಳಿ ಕೆಡಿಸುವುದು ಬೇಡವೆಂದು ಸುಮ್ಮನಿದ್ದೇನೆ.

ಶಿಗ್ಗಾಂವಿಯ ತಂಗಿಯ ಮನೆಗೆ ಈ ಯಾವ ಉಪಾಯವೂ ನಾಟಲಿಲ್ಲ. ಅವಳದು ಹೆದ್ದಾರಿಯ ಬದಿ. ಪುಣೆ–ಬೆಂಗಳೂರು ರಸ್ತೆಯ ಲಾರಿಗಳು ರಾತ್ರಿಯಿಡೀ ಬಾಸು ಒದಗಿಸುತ್ತವೆ, ದುಡ್ಡು ಕೊಡಬೇಕಾಗಿಲ್ಲ. ಶರೀಫಜ್ಜನ ಶಿಶುವಿನಹಾಳ ಅದೇ ತಾಲೂಕಿನಲ್ಲಿದೆ. ಅಲ್ಲಿ ಏಕತಾರಿ, ದಮ್ಮಡಿ ಹಿಡಿದು ಅಜ್ಜನ ತತ್ವಪದ ಹಾಡುವವರ ಸುತ್ತ ಜನ ಮಂಡಿಗೆ ಮಂಡಿ ತಾಗಿಸಿ ಕೂರುವುದನ್ನು ನೋಡಿ ನನಗೊಂದು ಹೊಳೆಯಿತು. ಅಲ್ಲಿ ಹಾಡುವವರು ದನಿ ಏರಿಸುವುದಿಲ್ಲ, ಕೇಳುವವರು ಹತ್ತಿರ ಸರಿಯುತ್ತಾರೆ. ದೂರ ಅರ್ಧವಾದರೆ ದನಿಗೆ 6 ಡೆಸಿಬಲ್ ಲಾಭ, ಪುಕ್ಕಟೆ. ತಂಗಿಯ ಅತ್ತೆಗೆ ಟಿವಿಯ ಹತ್ತಿರ ದೊಡ್ಡ ಪೆಟ್ಟಿಗೆ ಇಡುವ ಬದಲು ಆಕೆಯ ಮಂಚದ ತಲೆದೆಸೆಗೆ ಅಂಗೈಯಗಲದ ಸ್ಪೀಕರೊಂದನ್ನು ತಂತಿ ಎಳೆದು ಇಟ್ಟೆವು. ಲಾರಿ ಬಂದಾಗಲೂ ಮಾತು ಕೇಳುತ್ತದಂತೆ. ಖರ್ಚು ಬೀಗರ ಬಾಸಿನ ಪೆಟ್ಟಿಗೆಯ ಚಕ್ರಕ್ಕೂ ಸಾಲದಷ್ಟು.

ನಮ್ಮ ಮನೆಯಲ್ಲಿ ಈಗ ಅವ್ವ ಮೊದಲಿನ ಅರ್ಧ ಸೌಂಡಿನಲ್ಲಿ ಎಲ್ಲವನ್ನೂ ಕೇಳುತ್ತಾಳೆ. ನನ್ನನ್ನು ಏನೂ ಕೇಳುವುದಿಲ್ಲ. ಇಷ್ಟು ದಿನ ಆಕೆಗೆ ಹೇಳಿ ಹೇಳಿ ಧಾರಾವಾಹಿಯ ಚಟ ನನಗೇ ಹತ್ತಿರುವುದರಿಂದ, ಖಾರಾ ಅಗಿಯುತ್ತ ಏನಾದರೂ ತಪ್ಪಿಸಿಕೊಂಡರೆ ನಾನೇ ಆಕೆಯನ್ನು ಕೇಳಬೇಕು. ಆಕೆ ಹೇಳುವುದಿಲ್ಲ, ಕೈ ಎತ್ತಿ ಸುಮ್ಮನಿರು ಅನ್ನುತ್ತಾಳೆ.

ಮೊನ್ನೆ ಬೀಗರು ಬಂದಿದ್ದರು. ಬಾರನ್ನು ನೋಡಿ, “ಎಷ್ಟ್ ವ್ಯಾಟ್ರೀ?” ಎಂದರು. “ನಲವತ್ತು” ಎಂದೆ. ಮರುಕದಿಂದ ಚಹಾ ಕುಡಿದರು. ಧಾರಾವಾಹಿ ಮುಗಿಯುವವರೆಗೂ ಎದ್ದೇಳಲಿಲ್ಲ. ಆಮೇಲೆ, ಹುಷಾರಾಗಿ ಮಾತು ಆಯ್ದುಕೊಂಡು, ಅಲ್ಮಾರಿಯ ಮೇಲಿನದನ್ನು ಇಳಿಸಿದರೆ ಹೇಗೆ ಎಂದು ನಾನೂ ಅಂದುಬಿಟ್ಟೆ. ನಿನ್ನೆ ಫೋನು ಬಂತು. “ಇಳಿಸೇವ್ರಿ ಬೀಗ್ರ. ಫೋಟೋದ ಹಿಂದ ಇನ್ನೊಂದು ರಿಮೋಟ್ ಸಿಕ್ಕೇತಿ. ಯಾವದರದು ಅಂತ ಮನ್ಯಾಗ ಯಾರಿಗೂ ಗೊತ್ತಿಲ್ಲ, ಒತ್ತಿದ್ರ ಅಡಗಿಮನ್ಯಾಗ ಏನೋ ಸಪ್ಪಳ ಆಗತೈತಿ.” ಶನಿವಾರದ ಬಸ್ಸಿಗೆ ಹಿರೇಕೆರೂರಿಗೆ ಹೊರಟಿದ್ದೇನೆ, ಮಗ ಕೈಗನ್ನಡಿಯನ್ನು ಚೀಲಕ್ಕೆ ಹಾಕಿಟ್ಟಿದ್ದಾನೆ.